ಅಂಬಾರಿಯ ಪಿಸ್ತೂಲು

ಹುಲಿಬೇಟೆಯ ಹಳೆಯ ಕಥನಗಳನ್ನೋದುವಾಗ ನಾವು ಕೋವಿಯ ಪ್ರತಾಪವನ್ನು ಮೆಚ್ಚುತ್ತೇವೆ. ಅದು ಬರಿದಾದ ಬಳಿಕ ಏನು ಗತಿಯೆಂದು ಕೇಳುವುದಿಲ್ಲ. ಗಾಯಗೊಂಡ ಹುಲಿ ಆನೆಯ ಮೇಲಕ್ಕೆ ನೆಗೆದರೆ, ಉದ್ದನೆಯ ಕೋವಿಯನ್ನು ತಿರುಗಿಸಲು ಅಂಬಾರಿಯಲ್ಲಿ ಎಡೆಯೆಲ್ಲಿ? ಅದಕ್ಕೆಂದೇ 19ನೆಯ ಶತಮಾನದ ಆಂಗ್ಲ ಬೇಟೆಗಾರರು ‘ಹೌದಾ ಪಿಸ್ತೂಲ’ನ್ನು ಜೊತೆಗಿಡುತ್ತಿದ್ದರು. (ಹೌದಾ ಎಂಬುದು ಪ್ರಶ್ನೆಯಲ್ಲ, ಉತ್ತರದವರು ಅಂಬಾರಿಗೆ ಹೇಳುವ ಹೆಸರು.) ಆ ಕಾಲದ ರಿವಾಲ್ವರಿನಲ್ಲಿ ಐದಾರು ಗುಂಡುಗಳಿದ್ದರೂ ಹೊಡೆತ ಹಗುರ. ಈ ಪಿಸ್ತೂಲಿಗೆ ಸಾಮಾನ್ಯವಾಗಿ ಎರಡೇ ನಳಿಗೆ. ಗುಂಡು ಮಾತ್ರ ಅರ್ಧ ಅಂಗುಲಕ್ಕೂ ಮಿಕ್ಕ ದಪ್ಪ. ಮೈಮೇಲೆ ಎರಗಿದ ಹುಲಿಗೆ ಆರನೆಯ ಗುಂಡು ಹಾರಿಸುವ ಪುರಸೊತ್ತು ಯಾರಿಗುಂಟು? ಆಯ್ಕೆ ವಿವೇಕದ್ದೆಂದೇ ನಮ್ಮ ಮತ. ಆದರೆ ಆನೆಯ ಕತ್ತಿನ ಮೇಲೆ, ಹುಲಿಗೆ ಇನ್ನೂ ಸಮೀಪದಲ್ಲಿ, ಮಾವುತನಿರುತ್ತಿದ್ದ. ಅವನ ಕೈಯಲ್ಲಿದ್ದುದು ಅಂಕುಶ.