ದೇವರ ಮೇಲೆ ಭಾರ

2020ರ ಜುಲೈನಲ್ಲಿ, ಕೊರೊನಾ ಏರುತ್ತಿದ್ದಾಗ, ಕರ್ನಾಟಕದ ಆಗಿನ ಆರೋಗ್ಯ ಸಚಿವ ಬಿ. ಶ್ರೀರಾಮುಲು ಚಿತ್ರದುರ್ಗದಲ್ಲಿ ಇನ್ನು ದೇವರೇ ನಮ್ಮನ್ನು ಕಾಪಾಡಬೇಕು ಎಂದರು. ಗದ್ದಲವೆದ್ದ ಮೇಲೆ, ತಮ್ಮ ಮಾತಿಗೆ ಬೇರೆ ಅರ್ಥ ಕಟ್ಟಿದರೆಂದು ಸ್ಪಷ್ಟನೆಯನ್ನೂ ಕೊಟ್ಟರು. ಇದೇ ಮಾತನ್ನು ಮನೆಯಲ್ಲಿ ಅಜ್ಜಿಯರು ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಯಾರೂ ತಪ್ಪು ಹಿಡಿಯುವುದಿಲ್ಲ. ಅಜ್ಜಿಯ ಕೈಯಲ್ಲಿ ಆಸ್ಪತ್ರೆಗಳಿಲ್ಲ, ಬಜೆಟ್ಟಿಲ್ಲ. ಇವೆರಡೂ ಇರುವವರು ಹಾಗೆಂದರೆ ಅದು ಕುರ್ಚಿ ಬಿಡದೆ ಕೊಟ್ಟ ರಾಜೀನಾಮೆಯಂತೆ ಕೇಳಿಸುತ್ತದೆ.

ಹಾಗೆಂದು ರಾಜಕಾರಣಿಯ ಬಾಯಲ್ಲಿ ದೇವರ ಹೆಸರೇ ಬರಕೂಡದೆಂಬ ಹೊಸ ಮಡಿ ನನಗೆ ಒಗ್ಗುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ದೇವರನ್ನು ಕರೆದ ಮೇಲೆ ಕರೆದವರ ಹೊಣೆ ಹೆಚ್ಚಿತೋ, ಇಳಿಯಿತೋ? ನಮ್ಮದು ಧರ್ಮಭೂಮಿ, ಇಲ್ಲಿ ಇದೆಲ್ಲ ಸಹಜ ಎನ್ನುವವರಿಗೆ ನನ್ನ ಉತ್ತರ, ಇಲ್ಲಿ ಲಂಚವೂ ಸಹಜವೇ ಆಗಿದೆ.

ನನ್ನನ್ನು ನಿಜಕ್ಕೂ ತಡವರಿಸುವಂತೆ ಮಾಡುವುದು ಗಾಂಧೀಜಿ. 1934ರ ಜನವರಿಯ ಬಿಹಾರ ಭೂಕಂಪವನ್ನು ಅವರು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಲ್ಲಿ ದೇವರು ಯಾರನ್ನೂ ಪಾರು ಮಾಡಲಿಲ್ಲ. ಗಾಂಧಿ ತಮ್ಮ ಜನರನ್ನೇ, ತಮ್ಮನ್ನೂ ಸೇರಿಸಿ, ಕಟಕಟೆಗೆ ತಂದರು. ಆದರೂ ರವೀಂದ್ರನಾಥ ಟ್ಯಾಗೋರ್ ಒಪ್ಪಲಿಲ್ಲ. ಇಂಥ ತರ್ಕ ಗಾಂಧಿಗಿಂತ ಅವರ ವಿರೋಧಿಗಳ ಮನಸ್ಸಿಗೇ ಹೆಚ್ಚು ಹೊಂದುತ್ತದೆ ಎಂದರು. ಭೂಮಿ ನಡುಗಿದ್ದು ಮಡಿ ಕೆಡಿಸಿದ್ದಕ್ಕೇ ಎಂದು ಸನಾತನಿಗಳೂ ಹೇಳಬಹುದಲ್ಲ! ಆ ಆಕ್ಷೇಪವನ್ನು ಗಾಂಧಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿದರು. ಅವರು ದೊಡ್ಡವರು, ಆದರೆ ಈ ವಾದದಲ್ಲಿ ನಾನು ಟ್ಯಾಗೋರ್ ಪಕ್ಷ.

ಸಂವಿಧಾನ ಸಭೆಯಲ್ಲೂ ಈ ಜಿಜ್ಞಾಸೆ ನಡೆದಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಲಿ ಎಂದು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಸಂಕಟ ನಮಗೆ ಬೇಡವೆಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಪರ 41, ವಿರುದ್ಧ 68, ದೇವರು ಸೋತರು. ಸೋಲಿಸಿದವರಲ್ಲಿ ಆಸ್ತಿಕರೂ ಇದ್ದರು. ಪ್ರಮಾಣವಚನದಲ್ಲಿ ಮಾತ್ರ ದೇವರ ಹೆಸರಿಗೆ ಜಾಗ ಉಳಿಯಿತು, ಬೇಡವೆಂದವರಿಗೆ ಬೇರೆ ದಾರಿಯೂ ಇತ್ತು. ಒಳ್ಳೆಯ ಏರ್ಪಾಡು: ಅಲ್ಲಿ ದೇವರು ಬರುವುದು ಸಾಕ್ಷಿಯಾಗಿ, ಜಾಮೀನಾಗಿ ಅಲ್ಲ.

ಸಾಕ್ಷಿಯನ್ನೇ ತಮಾಷೆಗಿಟ್ಟದ್ದೂ ನಮ್ಮಲ್ಲೇ. 2011ರ ಜೂನಿನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ತಮ್ಮ ಮೇಲೆ ಆರೋಪ ಹೊರಿಸಿದ್ದ ವಿರೋಧ ಪಕ್ಷದ ಕುಮಾರಸ್ವಾಮಿಯವರಿಗೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡಿ ಎಂದು ಪತ್ರಿಕೆಯ ಜಾಹೀರಾತಿನಲ್ಲೇ ಸವಾಲೆಸೆದರು. ಅಲ್ಲಿನ ದೇವರು ಮಂಜುನಾಥನ ಮುಂದೆ ಆಡಿದ ಮಾತು ತಪ್ಪಿದರೆ ಮನೆತನವೇ ಉಳಿಯದೆಂದು ನಂಬುವ ನಾಡು ಇದು. ಗದ್ದೆಯ ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲಿನ ಜಗಳ ಎಷ್ಟೋ ಅಲ್ಲಿ ಮುಗಿದಿವೆ, ಕೋರ್ಟಿನ ಮೆಟ್ಟಿಲು ಹತ್ತದೆ. ಆ ನಂಬಿಕೆಯ ಬೆಲೆ ಇಬ್ಬರಿಗೂ ಗೊತ್ತಿತ್ತು. 27ರಂದು ಇಬ್ಬರೂ ಹೋದರು, ಕ್ಯಾಮೆರಾಗಳೂ ಹೋದವು. ದರ್ಶನವಾಯಿತು, ಆಣೆಯಾಗಲಿಲ್ಲ.

ಸರಿಯಾಗಿ ಒಂದು ತಿಂಗಳಿಗೆ, ಜುಲೈ 27ರಂದು, ಲೋಕಾಯುಕ್ತ ಸಂತೋಷ್ ಹೆಗ್ಡೆ, ಯಡಿಯೂರಪ್ಪನವರ ಹೆಸರೂ ಇದ್ದ ಅಕ್ರಮ ಗಣಿಗಾರಿಕೆಯ ವರದಿ ಒಪ್ಪಿಸಿದರು. 31ರಂದು ಅವರು ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಸಿಬಿಐ ನ್ಯಾಯಾಲಯ ಗಣಿ ಲಂಚದ ಮೊಕದ್ದಮೆಯಲ್ಲಿ ಅವರನ್ನು ಖುಲಾಸೆ ಮಾಡಿತು. ಆರೋಪ, ದಾಖಲೆ, ವಿಚಾರಣೆ, ತೀರ್ಪು ಎಲ್ಲ ಕಾಗದದ ಮೇಲೆ ನಡೆದವು. ಮಂಜುನಾಥನನ್ನು ಯಾರೂ ಏನೂ ಕೇಳಲಿಲ್ಲ.