ಉಮ್ಮನ ಪಥ್ಯ ಮಾಡುವವರು ಯಾರು?

ಮಧುಮೇಹದ ರಿಪೋರ್ಟ್ ಕೈಗೆ ಬಂದ ಸಂಜೆ ಏನಾಗುತ್ತದೆಂದು ನಿಮಗೂ ಗೊತ್ತು. ಸಕ್ಕರೆ ಡಬ್ಬ ಅಟ್ಟ ಸೇರುತ್ತದೆ. ಮೊದಲ ವಾರ ಹಾಗಲಕಾಯಿ ರಸ, ಮೆಂತ್ಯದ ನೀರು. ಎರಡನೇ ವಾರದಿಂದ ರಾತ್ರಿಗೆ ಚಪಾತಿ. ಮೂರನೇ ವಾರ ಒಂದು ಮದುವೆ ಬರುತ್ತದೆ, "ಒಂದು ದಿನ ತಿಂದರೆ ಏನಾಗುತ್ತದೆ?" ಎಂದು ಯಾರೋ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಹಾಕುತ್ತಾರೆ. ತಿಂಗಳೊಳಗೆ ಡಬ್ಬ ಕೆಳಗಿಳಿದಿರುತ್ತದೆ.

ಆಗ ನಾವು ರೋಗಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಎಂದು ದೂರುತ್ತೇವೆ. ನಾನು ಒಪ್ಪುವುದಿಲ್ಲ. ಎಂಟು ಮಂದಿ ತುಪ್ಪದನ್ನ, ಕೋಳಿ ಸಾರು ಉಣ್ಣುವಾಗ ಒಬ್ಬರು ಮಾತ್ರ ಬೇರೆ ಪಾತ್ರೆಯಿಂದ ಉಣ್ಣಬೇಕಾದರೆ ಆ ಪಥ್ಯ ಎಷ್ಟು ದಿನ ಬಾಳೀತು? ರೋಗಿ ಹೆಂಗಸಾದರಂತೂ ಆ ಬೇರೆ ಪಾತ್ರೆಯೂ ಇರುವುದಿಲ್ಲ.

ಬಾಪನಿಗೆ ಮಧುಮೇಹ ಬಂದಾಗ ನಮ್ಮ ಮನೆಯಲ್ಲಿ ಎಲ್ಲವೂ ಗಡಿಯಾರದಂತೆ ನಡೆಯಿತು. ಸಕ್ಕರೆಯಿಲ್ಲದ ಚಹಾ, ಅಲಸಂಡೆ ಪಲ್ಯ, ಒಂದು ಗಂಟೆಗೆ ಸರಿಯಾಗಿ ಊಟ. ನಡೆಸಿದ್ದು ಉಮ್ಮ. ಕೆಲವು ವರ್ಷಗಳ ನಂತರ ಉಮ್ಮನಿಗೂ ಅದೇ ಕಾಯಿಲೆ ಬಂತು. ಅವರಿಗಾಗಿ ನಡೆಸುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಉಣ್ಣಲು ಕೂರುತ್ತಿದ್ದರು. ಅಷ್ಟರಲ್ಲಿ ಮೀನು, ಪಲ್ಯ ಮುಗಿದು ಅನ್ನ, ಸಾರು ಉಳಿದಿರುತ್ತಿತ್ತು. ಜೊತೆಗೆ ಮಕ್ಕಳ ತಟ್ಟೆಯಲ್ಲಿ ಬಿಟ್ಟ ಅನ್ನ. ಅನ್ನ ಎಸೆಯಬಾರದಲ್ಲ! ಮನೆಯ ಅನ್ನ ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆ ಆ ಒಂದೇ ಹೊಟ್ಟೆಯದ್ದಾಗಿತ್ತು.

ಒಂದು ಮಧ್ಯಾಹ್ನ ಒಲೆಯ ಮುಂದೆಯೇ ಕುಸಿದು ಕುಳಿತರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ನಾನು ಸಕ್ಕರೆ ನೀರು ಕಲಸಿ ತಂದರೆ ಮನೆಯವರೊಬ್ಬರು ನನ್ನ ಕೈ ಹಿಡಿದರು: "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡುತ್ತೀಯಾ?" ಮೀಟರ್ 52 ತೋರಿಸಿತು. ಸಕ್ಕರೆ ಏರಿದ್ದಲ್ಲ, ಅಪಾಯದ ಮಟ್ಟಕ್ಕೆ ಇಳಿದಿತ್ತು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಡಮಾಡಿದರೆ ಹೀಗಾಗಬಹುದು. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಇದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಹಾಗಾದರೆ ಏನು ಬದಲಾಗಬೇಕು? ಸಕ್ಕರೆ ಡಬ್ಬವಲ್ಲ, ಎಲ್ಲರ ಪಾತ್ರೆ. ಚಹಾಕ್ಕೆ ಸಕ್ಕರೆ ಬಿಟ್ಟು ಮೂರು ಸೌಟು ಅನ್ನ, ಸಂಜೆಗೆ ನಾಲ್ಕು ಪತ್ತಿರಿ ತಿಂದರೆ ಲೆಕ್ಕ ಎಲ್ಲಿಗೆ ಹೋಯಿತು? ಅನ್ನವೂ ಪತ್ತಿರಿಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತವೆ. ಕುಚಲಕ್ಕಿ ತುಸು ವಾಸಿ, ಆದರೆ ಅಳತೆ ಅದಕ್ಕೂ ಬೇಕು. ಬೆಲ್ಲ, ಜೇನು, ಖರ್ಜೂರಕ್ಕೂ ರಿಯಾಯಿತಿ ಇಲ್ಲ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಮೀನು, ಮೊಟ್ಟೆ ಅಥವಾ ಬೇಳೆ, ಉಳಿದ ಕಾಲು ಭಾಗ ಅನ್ನ. ನಮ್ಮಲ್ಲಿ ಮೀನಿಗೆ ಬರವಿಲ್ಲ, ಕಷ್ಟ ತರಕಾರಿಯದ್ದೇ. ಅನೇಕ ಮನೆಗಳಲ್ಲಿ ತರಕಾರಿ ಎಂದರೆ ಬಿರಿಯಾನಿಯ ಬದಿಗಿಟ್ಟ ನಾಲ್ಕು ಈರುಳ್ಳಿ ಚೂರು! ಬಸಳೆ, ತೊಂಡೆ, ಬೆಂಡೆ ದಿನವೂ ಬರಲಿ. ಮೊದಲು ತರಕಾರಿ, ಮೀನು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರ ಸಕ್ಕರೆ ಅಷ್ಟು ಜಿಗಿಯುವುದಿಲ್ಲ.

ಕಾಯಿಲೆ ಇಲ್ಲದವರು ಯಾಕೆ ಪಥ್ಯ ಮಾಡಬೇಕೆಂದು ಕೇಳುತ್ತೀರಾ? ಇದು ಪಥ್ಯವಲ್ಲ, ಯಾರಿಗೂ ಸಲ್ಲುವ ಊಟ. ತಂದೆತಾಯಿಗೆ ಮಧುಮೇಹವಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು, ಸುಮಾರು 13.6 ಕೋಟಿ.

ರಮಝಾನ್‌ನ ಮಾತು ಚಿಕ್ಕದಾಗಿ ಹೇಳುತ್ತೇನೆ. ಉಪವಾಸ ಹಿಡಿಯಬಹುದೇ, ಮಾತ್ರೆಯ ಪ್ರಮಾಣವೇನು ಎಂದು ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಮಗ್ರಿಬ್‌ಗೆ ಕಾಯದೆ ಉಪವಾಸ ಬಿಡಿ, ರೋಗಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ.

ನಮ್ಮ ಮನೆಯಲ್ಲಿ ಈಗ ಉಮ್ಮ ಒಂದು ಗಂಟೆಗೆ ಎಲ್ಲರ ಜೊತೆ ಕೂರುತ್ತಾರೆ. ಬಡಿಸುವುದು ಸರದಿಯ ಮೇಲೆ, ತಮ್ಮನ ಸರದಿಯೂ ಇದೆ. ಮೊದಮೊದಲು ಉಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಎರಡು ತುತ್ತಿಗೊಮ್ಮೆ ಏಳುತ್ತಿದ್ದರು. ಮಕ್ಕಳ ತಟ್ಟೆಗೆ ಒಂದೇ ಸೌಟು ಅನ್ನ ಹಾಕುತ್ತೇವೆ, ಬೇಕಾದರೆ ಮತ್ತೆ ಕೇಳುತ್ತಾರೆ.