ಟಾಪ್ ಮೇಲಿನ ಹಗ್ಗ ಸಡಿಲಾಗುತ್ತಿದೆ

ದೇವದುರ್ಗ, ಮಾನ್ವಿಗಳಲ್ಲಿ ಸಂಜೆ ಹೊತ್ತು ಬೆಂಗಳೂರಿನ ಗಾಡಿಗಳು ನಿಲ್ಲುವ ಜಾಗಕ್ಕೆ ಹೋದವರಿಗೆ ಈ ನೋಟ ಹೊಸದಲ್ಲ. ಗುಳೆ ಹೊರಟ ಕುಟುಂಬಗಳ ಜೋಳದ ಚೀಲ, ಕೌದಿ ಗಂಟು, ಕೊಡ, ಸಿಲಿಂಡರ್ ಒಂದೊಂದಾಗಿ ಕ್ರೂಸರಿನ ಟಾಪ್ ಏರುತ್ತವೆ. ಎಲ್ಲದರ ಮೇಲೆ ಕೊನೆಗೆ ನಾಲ್ಕು ಜನ ಹೆಗಲು ಕೊಟ್ಟು ಒಂದು ಬೈಕ್ ಎತ್ತಿಡುತ್ತಾರೆ. ಕಟ್ಟಡ ಕೆಲಸ ಇಂದು ಯಲಹಂಕದಲ್ಲಿ ಸಿಕ್ಕರೆ ನಾಳೆ ವೈಟ್‌ಫೀಲ್ಡಿನಲ್ಲಿ; ಬೈಕ್ ಇಲ್ಲದೆ ಅಲ್ಲಿ ದುಡಿಮೆ ಸಾಗದು. ಅದನ್ನು ಊರಲ್ಲೇ ಬಿಟ್ಟು ಹೋಗಿ ಎಂದು ಅವರಿಗೆ ಹೇಳುವ ಹಕ್ಕು ನಮಗಿಲ್ಲ. ನಮ್ಮನ್ನು ಕಾಡುತ್ತಿರುವುದು ಅದನ್ನು ಕಟ್ಟುವ ಹಗ್ಗ, ಮತ್ತು ಹಗ್ಗದ ಬಗ್ಗೆ ಕೇಳಿದಾಗ ಬರುವ ಉತ್ತರ: ‘ನಡೀತದ ಬಿಡ್ರಿ, ದಿನಾ ಹೋಗ್ತೀವಲ್ಲ.’

ಆ ಹಗ್ಗವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿಗೆ ವರ್ಷವಿಡೀ ಮೈಯೊಡ್ಡಿದ ಪ್ಲಾಸ್ಟಿಕ್ ಹಗ್ಗ ಮೊದಲು ಬಣ್ಣ ಕಳೆದುಕೊಳ್ಳುತ್ತದೆ, ಆಮೇಲೆ ಒರಟಾಗುತ್ತದೆ, ಕೊನೆಗೆ ಉಜ್ಜಿದರೆ ಅಂಗೈಗೆ ಬಿಳಿ ಪುಡಿ ಅಂಟುತ್ತದೆ. ಪುಡಿ ಬಂದ ಹಗ್ಗದ ಆಯಸ್ಸು ಮುಗಿದಂತೆ. ನೋಡಲು ದಪ್ಪಗೇ ಇರುತ್ತದೆ, ಆದರೆ ಜಗ್ಗಿದಾಗ ಎಳೆಗಳು ಒಂದೊಂದೇ ಹರಿಯುತ್ತವೆ. ನೈಲಾನ್ ಹಗ್ಗದ ಕಥೆ ಬೇರೆ: ಒಣಗಿದ್ದಾಗ ಎಷ್ಟು ಬಿಗಿದು ಕಟ್ಟಿದರೂ ಮಳೆಗೆ ನೆನೆದರೆ ಅದು ಹಿಗ್ಗಿ ಸಡಿಲಾಗುತ್ತದೆ. ಹಳೆಯ ಟ್ಯೂಬು ಸೀಳಿ ಮಾಡಿದ ರಬ್ಬರು ಪಟ್ಟಿಯಂತೂ ತಗ್ಗುದಿನ್ನೆಗೆಲ್ಲ ಎಳೆದುಕೊಳ್ಳುತ್ತದೆ. ಗಂಟು ಗಟ್ಟಿಯಾಗಿಯೇ ಇರುತ್ತದೆ, ಸಾಮಾನು ಮಾತ್ರ ಅಲುಗಾಡುತ್ತಿರುತ್ತದೆ. ಕ್ಯಾರಿಯರಿನ ಕಬ್ಬಿಣದ ಅಂಚಿಗೆ ಹಗ್ಗ ಉಜ್ಜುವ ಕಡೆ ಒಂದು ತುಂಡು ಗೋಣಿತಟ್ಟು ಮಡಚಿ ಇಡುವ ಪದ್ಧತಿ ಎತ್ತಿನ ಗಾಡಿ ಕಾಲದವರಿಗೆ ಗೊತ್ತಿತ್ತು. ಈಗ ಅದು ಕಾಣುವುದು ಅಪರೂಪ.

ಹಗ್ಗಕ್ಕಿಂತ ಕೆಳಗೆ ಇನ್ನೊಂದು ದುರ್ಬಲ ಜಾಗವಿದೆ. ಕ್ಯಾರಿಯರನ್ನು ಗಾಡಿಗೆ ಹಿಡಿದಿಟ್ಟಿರುವುದು ಕೆಲವು ಬೋಲ್ಟುಗಳು ಮಾತ್ರ. ಅವುಗಳ ಸುತ್ತ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ, ಹಂಪ್ ದಾಟುವಾಗ ತಲೆಯ ಮೇಲೆ ‘ಕಟಕ್’ ಎಂದು ಸದ್ದಾದರೆ, ಅದು ಎಚ್ಚರಿಕೆ. ನಮ್ಮ ಭಾಗದಲ್ಲಿ ಎಲ್ಲೆಲ್ಲೂ ಓಡುವ ಸ್ಪ್ಲೆಂಡರ್ ಬೈಕಿನ ತೂಕವೇ ಸುಮಾರು 112 ಕಿಲೋ. ಸಾಮಾನ್ಯ ಕಾರುಗಳ ಮೇಲ್ಛಾವಣಿಗೆ ತಯಾರಕರು ಒಪ್ಪುವ ಭಾರ ಬಹುತೇಕ ಅದಕ್ಕಿಂತ ಕಡಿಮೆ. ಕ್ರೂಸರಿನಂಥ ಗಾಡಿ ಹೆಚ್ಚು ತಾಳೀತು, ಆದರೆ ಅಲ್ಲಿ ಬೈಕಿನ ಕೆಳಗೆ ಆಗಲೇ ಜೋಳದ ಚೀಲಗಳಿರುತ್ತವೆ. ಭಾರ ಮೇಲೆ ಸೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಮೇಲಿನ ಸಾಮಾನಿಗೆ ಬಡಿಯುವ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ತಾಡಪತ್ರಿಯ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಒಳಗಿನ ಹಗ್ಗವೆಲ್ಲ ಅದರೊಂದಿಗೆ ಜಗ್ಗುತ್ತಿದೆ ಎಂದು ತಿಳಿಯಬೇಕು.

ಅಡ್ಡ ಮಲಗಿಸಿದ ಬೈಕಿನಿಂದ ಪೆಟ್ರೋಲ್ ವಾಸನೆ ಬರುವುದನ್ನೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ರೈಲಿನಲ್ಲಿ ಬೈಕ್ ಕಳಿಸುವವರು ಟ್ಯಾಂಕ್ ಖಾಲಿ ಮಾಡಿಯೇ ಪಾರ್ಸೆಲ್ ಕೊಡಬೇಕು. ಟಾಪ್ ಮೇಲೆ ಅದೇ ಬೈಕು ಸಿಲಿಂಡರಿನ ಪಕ್ಕ ಮಲಗಿರುತ್ತದೆ, ಕೆಳಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ.

2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ಬಳಿ ರಾಯಚೂರು ಜಿಲ್ಲೆಯ ಕೂಲಿಕಾರರಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದರು. 2025ರ ಜನವರಿಯಲ್ಲಿ ಸಿಂಧನೂರು ಸಮೀಪ ಮಂತ್ರಾಲಯದ ವಿದ್ಯಾರ್ಥಿಗಳ ವಾಹನ ಉರುಳಿ ಮೂವರು ಹುಡುಗರು, ಒಬ್ಬ ಚಾಲಕ ಪ್ರಾಣ ಬಿಟ್ಟರು. ಈ ಸಾವುಗಳನ್ನು ನಾವು ಹಗ್ಗದ ತಲೆಗೆ ಕಟ್ಟುತ್ತಿಲ್ಲ. ಆದರೆ ಶಿರಾದ ಸುದ್ದಿ ಬಂದ ದಿನ ಜಿಲ್ಲೆಯ ಬಾಯಲ್ಲೆಲ್ಲ ಇದ್ದದ್ದು ಒಂದೇ ಮಾತು, ಇನ್ನು ಮೇಲೆ ಹೀಗೆ ತುಂಬಿಸಬಾರದು ಎಂದು. ಆ ಮಾತು ಎಷ್ಟು ದಿನ ಉಳಿಯಿತು ಎಂಬುದನ್ನು ಇವತ್ತಿನ ಸಂಜೆಯ ಯಾವ ಗಾಡಿಯಾದರೂ ಹೇಳೀತು.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 123ನೇ ಕಲಂ ಟಾಪ್ ಮೇಲೆ ಜನ ಪ್ರಯಾಣ ಮಾಡುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿ ಎತ್ತರಕ್ಕೆ, ಪಕ್ಕಕ್ಕೆ ಚಾಚುವಂತೆ ಸಾಮಾನು ಹೇರಿದರೆ 20,000 ರೂಪಾಯಿ ದಂಡ. ಆದರೂ ಸಾಮಾನು ಅಲುಗದಿರಲಿ ಎಂದು ಬೈಕಿನ ಪಕ್ಕ ಹುಡುಗನೊಬ್ಬನನ್ನು ಕೂರಿಸುವುದು ನಿಂತಿಲ್ಲ. ಹಗ್ಗದ ಕೆಲಸವನ್ನು ಆ ಹುಡುಗ ಮಾಡುತ್ತಿದ್ದಾನೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ಪ್ರತಿ ಹಂಗಾಮಿಗೆ ಹೊಸ ಹಗ್ಗ, ಸಾಧ್ಯವಿದ್ದವರಿಗೆ ಲಾರಿಯವರು ಬಳಸುವ ಬಿಗಿಯುವ ಬೆಲ್ಟು. ಬೈಕನ್ನು ಹ್ಯಾಂಡಲಿಗೆ ಮಾತ್ರ ಕಟ್ಟದೆ ಚಾಸಿಗೂ ಕಟ್ಟಬೇಕು. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗುವುದರಿಂದ ಹಿಂದಕ್ಕೆ ಎಳೆಯುವ ಹಗ್ಗ ಬೇರೆಯೇ ಇರಬೇಕು. ಒಂದು ಹರಿದರೂ ಇನ್ನೊಂದು ಹಿಡಿದಿರಲಿ.

ಸಾಮಾನು ಕುಳಿತುಕೊಳ್ಳುವುದು, ಗಂಟು ಸಡಿಲಾಗುವುದು ಬಹುಪಾಲು ಮೊದಲ ಕೆಲವೇ ಕಿಲೋಮೀಟರುಗಳಲ್ಲಿ. ದೇವದುರ್ಗ ಬಿಟ್ಟ ಗಾಡಿ ಸಿರವಾರ ಮುಟ್ಟುವ ಮೊದಲೇ ಒಮ್ಮೆ ನಿಲ್ಲಬೇಕು. ಟಾರ್ಚ್ ಹಿಡಿದು ಒಬ್ಬರು ಮೇಲೆ ಹತ್ತಬೇಕು.

ಪ್ರಾದೇಶಿಕ ಸಾರಿಗೆ ಕಚೇರಿ ಮತ್ತು ಪೊಲೀಸರು ಸಾಮಾನು ಏರಿಸುವ ಜಾಗಕ್ಕೇ ಬರಲಿ, ಸಂಜೆ ಹೊತ್ತಿಗೇ ಬರಲಿ. ಅರ್ಧ ದಾರಿಯಲ್ಲಿ, ನಡುರಾತ್ರಿ ಗಾಡಿ ತಡೆದು ಇಳಿಸಿ ಎಂದರೆ ಮಕ್ಕಳನ್ನು ಕಟ್ಟಿಕೊಂಡ ಆ ಕುಟುಂಬ ಜೋಳದ ಚೀಲವನ್ನು ಎಲ್ಲಿ ಇಳಿಸಬೇಕು?